ಕೀಕ್ಯಾಡ್ ಸಿಂಬಲ್‌ಗಳಿಗೆ ಡೇಟಾಶೀಟ್ ಜೋಡಿಸುವುದು: ಜಾಲತಾಣದ ಕೊಂಡಿಯೋ, ನಮ್ಮ ಫೋಲ್ಡರಿನ ಪಿಡಿಎಫ್ಫೋ?

ನಾಲೆಬಯಲು (ಮಂಡ್ಯ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಡ್ಯದ ನಮ್ಮ ಚಿಕ್ಕ ಘಟಕದಲ್ಲಿ ಕೃಷಿ ಪಂಪ್‌ಸೆಟ್ಟುಗಳಿಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಬೋರ್ಡುಗಳನ್ನು ತಯಾರಿಸುತ್ತೇವೆ. ಮೂರು ಫೇಸುಗಳಲ್ಲಿ ಒಂದು ಹೋದರೂ ಮೋಟರಿನ ವೈಂಡಿಂಗ್ ಸುಡುವ ಮೊದಲೇ ರಿಲೇ ಬಿಡಬೇಕು ಎಂಬುದೇ ಈ ಬೋರ್ಡಿನ ಕೆಲಸ. ವಿನ್ಯಾಸವನ್ನು ಕೀಕ್ಯಾಡ್ 9 ಎಂಬ ಸರ್ಕ್ಯೂಟ್ ವಿನ್ಯಾಸದ ತಂತ್ರಾಂಶದಲ್ಲಿ ಮಾಡುತ್ತೇವೆ. ಪಾಂಡವಪುರ, ಮದ್ದೂರು ಕಡೆಯ ರೈತರು ಕೆಟ್ಟ ಬೋರ್ಡನ್ನು ತಂದಾಗ ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ತೆರೆದು, ಸಂಬಂಧಪಟ್ಟ ಐಸಿಯನ್ನು ತೋರಿಸುವ ಚಿಹ್ನೆಯ, ಅಂದರೆ ಸಿಂಬಲ್ಲಿನ ಮೇಲೆ ಕರ್ಸರ್ ಇಟ್ಟು ಡಿ ಕೀಲಿಯನ್ನು ಒತ್ತಿದರೆ ಡೇಟಾಶೀಟ್ (ತಯಾರಕರ ತಾಂತ್ರಿಕ ವಿವರಪತ್ರ) ತೆರೆದುಕೊಳ್ಳಬೇಕು ಎಂಬುದು ನಮ್ಮ ಅಪೇಕ್ಷೆ. ಆದರೆ ಹಳೆಯ ಪ್ರಾಜೆಕ್ಟುಗಳಲ್ಲಿ ಅನೇಕ ಕೊಂಡಿಗಳು ಈಗ ಖಾಲಿ ಪುಟಕ್ಕೋ ಕಂಪನಿಯ ಮುಖಪುಟಕ್ಕೋ ಹೋಗುತ್ತಿವೆ.

ಪಿಡಿಎಫ್‌ಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಇಳಿಸಿಕೊಂಡು ಅವುಗಳ ಪೂರ್ತಿ ವಿಳಾಸವನ್ನು ಸಿಂಬಲ್ಲಿನ ಡೇಟಾಶೀಟ್ ಫೀಲ್ಡಿನಲ್ಲಿ (ವಿವರ ತುಂಬುವ ಅಂಕಣದಲ್ಲಿ) ಬರೆದು ನೋಡಿದೆವು. ಒಂದು ಕಂಪ್ಯೂಟರಿನಲ್ಲಿ ತೆರೆಯುವ ಕಡತ ಇನ್ನೊಂದರಲ್ಲಿ ತೆರೆಯುವುದಿಲ್ಲ. ಲೈಬ್ರರಿಯಲ್ಲಿ (ಸಿಂಬಲ್‌ಗಳ ಸಂಗ್ರಹದಲ್ಲಿ) ಕೊಂಡಿಯನ್ನು ಸರಿಪಡಿಸಿದರೂ ಈಗಾಗಲೇ ಹಾಳೆಯ ಮೇಲಿರುವ ಸಿಂಬಲ್ ಹಳೆಯ ಕೊಂಡಿಯನ್ನೇ ತೋರಿಸುತ್ತದೆ. ಇದಕ್ಕೆ ಬಾಳಿಕೆ ಬರುವ ಕ್ರಮ ಯಾವುದು ಎಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹೂಟಗಳ್ಳಿ_ಲೇಔಟ್ (ಮೈಸೂರು) ಉತ್ತರ:

ಜಾಲತಾಣದ ಕೊಂಡಿಯನ್ನು ನಂಬಿ ಕೂರುವುದು ಈ ಉದ್ಯಮದಲ್ಲಿ ಸಾಧ್ಯವೇ ಇಲ್ಲ. ನ್ಯಾಷನಲ್ ಸೆಮಿಕಂಡಕ್ಟರ್ 2011ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಪಾಲಾಯಿತು, ಫೇರ್‌ಚೈಲ್ಡ್ 2016ರಲ್ಲಿ ಆನ್ ಸೆಮಿಕಂಡಕ್ಟರ್ ಪಾಲಾಯಿತು, ಲೀನಿಯರ್ ಟೆಕ್ನಾಲಜಿ 2017ರಲ್ಲಿ ಅನಲಾಗ್ ಡಿವೈಸಸ್‌ನೊಳಗೆ ಸೇರಿತು. ಹೀಗೆ ಕಂಪನಿಗಳು ಕೈ ಬದಲಾದಂತೆ ಅವುಗಳ ಜಾಲತಾಣಗಳೂ ಮರುಜೋಡಣೆಯಾಗುತ್ತವೆ, ಹಳೆಯ ವಿಳಾಸಗಳು ಒಂದೊಂದಾಗಿ ಸಾಯುತ್ತವೆ. ಆದ್ದರಿಂದ ಪಿಡಿಎಫ್‌ನ ಪ್ರತಿ ನಿಮ್ಮ ಬಳಿಯೇ ಇರಬೇಕು.

ಪೂರ್ತಿ ವಿಳಾಸ ಬರೆಯುವ ಬದಲು ಪಾತ್ ವೇರಿಯಬಲ್ (ಫೋಲ್ಡರಿನ ವಿಳಾಸಕ್ಕೆ ಬದಲಾಗಿ ನಿಲ್ಲುವ ಹೆಸರು) ಬಳಸಿ. ಪ್ರಾಜೆಕ್ಟಿನ ಫೋಲ್ಡರನ್ನು ಸೂಚಿಸುವ ವೇರಿಯಬಲ್ ಕೀಕ್ಯಾಡ್‌ನಲ್ಲಿ ಮೊದಲೇ ಇದೆ: ಡಾಲರ್ ಚಿಹ್ನೆ ಹಾಕಿ, ಪುಷ್ಪಾವರಣದೊಳಗೆ ಕೆ, ಐ, ಪಿ, ಆರ್, ಜೆ, ಎಂ, ಒ, ಡಿ ಎಂಬ ದೊಡ್ಡಕ್ಷರಗಳನ್ನು ಬಿಡುವಿಲ್ಲದೆ ಬರೆದು, ಅದರ ಮುಂದೆ ಓರೆಗೆರೆ ಹಾಕಿ ಒಳಫೋಲ್ಡರಿನ ಮತ್ತು ಕಡತದ ಹೆಸರನ್ನು ಕೊಟ್ಟರೆ ಪ್ರಾಜೆಕ್ಟನ್ನು ಯಾವ ಕಂಪ್ಯೂಟರಿಗೆ ಒಯ್ದರೂ ಕೊಂಡಿ ಕೆಲಸ ಮಾಡುತ್ತದೆ. ಎಲ್ಲ ಪ್ರಾಜೆಕ್ಟುಗಳಿಗೂ ಸೇರಿ ಒಂದೇ ಡೇಟಾಶೀಟ್ ಫೋಲ್ಡರ್ ಇರಲಿ ಎನ್ನುವುದಾದರೆ, ಪ್ರಿಫರೆನ್ಸಸ್ ಮೆನುವಿನ ಕಾನ್ಫಿಗರ್ ಪಾತ್ಸ್‌ನಲ್ಲಿ ನಿಮ್ಮದೇ ವೇರಿಯಬಲ್ ಒಂದನ್ನು ಮಾಡಿಕೊಳ್ಳಿ. ಪ್ರತಿ ಕಂಪ್ಯೂಟರಿನಲ್ಲೂ ಅದೇ ಹೆಸರಿಗೆ ಆಯಾ ಕಂಪ್ಯೂಟರಿನ ಫೋಲ್ಡರ್ ವಿಳಾಸ ಕೊಟ್ಟರಾಯಿತು.

ಹಾಳೆಯ ಮೇಲಿನ ಸಿಂಬಲ್ ಲೈಬ್ರರಿಯ ಪ್ರತಿ ಮಾತ್ರ. ಮೂಲ ಬದಲಾದರೆ ಅದು ತಾನಾಗಿ ಬದಲಾಗುವುದಿಲ್ಲ. ಟೂಲ್ಸ್ ಮೆನುವಿನಲ್ಲಿರುವ ‘ಅಪ್‌ಡೇಟ್ ಸಿಂಬಲ್ಸ್ ಫ್ರಮ್ ಲೈಬ್ರರಿ’ಯನ್ನು ತೆರೆದು, ಫೀಲ್ಡುಗಳ ಪಟ್ಟಿಯಲ್ಲಿ ಡೇಟಾಶೀಟ್ ಒಂದಕ್ಕೆ ಮಾತ್ರ ಗುರುತು ಹಾಕಿ ನಡೆಸಿ. ಉಳಿದ ಫೀಲ್ಡುಗಳಿಗೂ ಗುರುತು ಇದ್ದರೆ ನೀವು ಕೈಯಾರೆ ಬದಲಿಸಿದ ಫುಟ್‌ಪ್ರಿಂಟ್ (ಬೋರ್ಡಿನ ಮೇಲೆ ಬಿಡಿಭಾಗ ಕೂರುವ ಜಾಗದ ವಿನ್ಯಾಸ) ಮತ್ತು ವ್ಯಾಲ್ಯೂಗಳು ಅಳಿಸಿಹೋಗುವ ಅಪಾಯವಿದೆ. ನೂರಾರು ಬಿಡಿಭಾಗಗಳಿದ್ದರೆ ಅದೇ ಮೆನುವಿನ ‘ಬಲ್ಕ್ ಎಡಿಟ್ ಸಿಂಬಲ್ ಫೀಲ್ಡ್ಸ್’ ಕೋಷ್ಟಕದಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಿ ತಿದ್ದಬಹುದು. ಖಾಲಿ ಬಿಟ್ಟ ಫೀಲ್ಡುಗಳೂ ಅಲ್ಲಿ ಕೂಡಲೇ ಕಣ್ಣಿಗೆ ಬೀಳುತ್ತವೆ.

ಡಿಪ್ಲೊಮಾ_ಮೇಷ್ಟ್ರು (ಕುವೆಂಪುನಗರ, ಮೈಸೂರು) ಉತ್ತರ:

ಹೂಟಗಳ್ಳಿಯವರು ಹೇಳಿದ ವಿಧಾನ ಸರಿಯಾಗಿದೆ. ಆದರೆ ಕೊಂಡಿ ತೆರೆದುಕೊಂಡ ಮೇಲೆ ಕಾಣಿಸುವ ಡೇಟಾಶೀಟ್ ನಿಮ್ಮ ಬೋರ್ಡಿನ ಮೇಲಿರುವ ಬಿಡಿಭಾಗದ್ದೇ ಆಗಿರಬೇಕಲ್ಲವೇ? ಡೇಟಾಶೀಟನ್ನು ಸಾಮಾನ್ಯ ಸಿಂಬಲ್ಲಿಗೆ ಕಟ್ಟುವುದನ್ನು ಬಿಟ್ಟು, ಖರೀದಿಸುವಾಗ ಬರೆಯುವ ತಯಾರಕರ ಪೂರ್ಣ ಪಾರ್ಟ್ ನಂಬರಿಗೆ ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಬೋರ್ಡಿನಿಂದಲೇ ಉದಾಹರಣೆ ಕೊಡುತ್ತೇನೆ. ಫೇಸ್ ಇದೆಯೋ ಇಲ್ಲವೋ ಎಂದು ತಿಳಿಯಲು ನೀವು ಪಿಸಿ817 ಆಪ್ಟೊಕಪ್ಲರ್ (ಒಳಗಿನ ಎಲ್‌ಇಡಿಯ ಬೆಳಕಿನಿಂದ ಟ್ರಾನ್ಸಿಸ್ಟರಿಗೆ ಸಂಕೇತ ದಾಟಿಸುವ ಬಿಡಿಭಾಗ) ಬಳಸುತ್ತಿರಬಹುದು. ಅದರ ಡೇಟಾಶೀಟಿನಲ್ಲಿ ಕರೆಂಟ್ ಟ್ರಾನ್ಸ್‌ಫರ್ ರೇಷಿಯೋಗೆ (ಎಲ್‌ಇಡಿಯ ಕರೆಂಟಿಗೆ ಹೋಲಿಸಿದರೆ ಔಟ್‌ಪುಟ್ಟಿನಲ್ಲಿ ಹರಿಯುವ ಕರೆಂಟಿನ ಅನುಪಾತಕ್ಕೆ) ಸಂಬಂಧಿಸಿದ ಶ್ರೇಣಿಗಳ ಕೋಷ್ಟಕವಿದೆ: ಎ ಶ್ರೇಣಿಗೆ 80ರಿಂದ 160 ಶೇಕಡಾ, ಬಿ ಶ್ರೇಣಿಗೆ 130ರಿಂದ 260, ಸಿ ಶ್ರೇಣಿಗೆ 200ರಿಂದ 400, ಡಿ ಶ್ರೇಣಿಗೆ 300ರಿಂದ 600, ಶ್ರೇಣಿಯ ಗುರುತೇ ಇಲ್ಲದ್ದು 50ರಿಂದ 600ರವರೆಗೆ ಎಲ್ಲಿ ಬೇಕಾದರೂ ಇರಬಹುದು. ರೆಸಿಸ್ಟರ್ ಬಿಸಿಯಾಗದಿರಲಿ ಎಂದು ಎಲ್‌ಇಡಿ ಬದಿಗೆ 1 ಮಿಲಿಆಂಪಿಯರ್ ಮಾತ್ರ ಕೊಟ್ಟು, ಔಟ್‌ಪುಟ್ ಬದಿಯಲ್ಲಿ 5 ವೋಲ್ಟಿಗೆ 4.7 ಕಿಲೊಓಮ್ ಪುಲ್‌ಅಪ್ (ಪಿನ್ನನ್ನು ಆ ವೋಲ್ಟಿನತ್ತ ಎಳೆದಿಡುವ ರೆಸಿಸ್ಟರ್) ಹಾಕಿದ್ದೀರಿ ಎಂದುಕೊಳ್ಳಿ. ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಳ್ಳಲು ಸುಮಾರು 1 ಮಿಲಿಆಂಪಿಯರ್ ಹರಿಯಬೇಕು. 50 ಶೇಕಡಾದ ಬಿಡಿಭಾಗ ಬಂದರೆ ಅರ್ಧ ಮಿಲಿಆಂಪಿಯರ್ ಮಾತ್ರ ಹರಿದು, ಮೈಕ್ರೊಕಂಟ್ರೋಲರಿನ ಪಿನ್ನಿನಲ್ಲಿ ಸೊನ್ನೆಯ ಬದಲು ಎರಡೂವರೆ ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ಅದು ಸೊನ್ನೆಯೂ ಅಲ್ಲ, ಒಂದೂ ಅಲ್ಲ. ಜೊತೆಗೆ, ಆ ಶೇಕಡಾವಾರು ಅಂಕಿಗಳು 5 ಮಿಲಿಆಂಪಿಯರ್‌ನಲ್ಲಿ ಅಳೆದವು; 1 ಮಿಲಿಆಂಪಿಯರ್‌ನಲ್ಲಿ ಅನುಪಾತ ಇನ್ನೂ ಇಳಿಯುತ್ತದೆ ಎಂಬುದನ್ನು ಅದೇ ಡೇಟಾಶೀಟಿನ ನಕ್ಷೆ ತೋರಿಸುತ್ತದೆ. ಮೂರೂ ಫೇಸುಗಳು ಸರಿಯಾಗಿದ್ದರೂ ಮೋಟರು ನಿಂತಿತೆಂದು ರೈತರು ದೂರುವ ಬೋರ್ಡುಗಳಲ್ಲಿ ಇದನ್ನು ಮೊದಲು ಪರೀಕ್ಷಿಸಬೇಕು. ಸಿಂಬಲ್ಲಿನಲ್ಲಿ ಬರೀ ‘ಪಿಸಿ817’ ಎಂದಿದ್ದರೆ, ದುರಸ್ತಿಗೆ ಕುಳಿತವರಿಗೆ ಕೋಷ್ಟಕದ ಯಾವ ಸಾಲನ್ನು ಓದಬೇಕೆಂದು ಹೇಗೆ ತಿಳಿಯಬೇಕು?

ಪಿನ್‌ಗಳ ವಿಷಯದಲ್ಲಂತೂ ಅಪಾಯ ಇನ್ನೂ ನೇರವಾದದ್ದು. ಟಿಒ-220 ಕವಚದ 7805ರಲ್ಲಿ ಒಂದನೆಯ ಪಿನ್ ಇನ್‌ಪುಟ್, ಮೂರನೆಯದು ಔಟ್‌ಪುಟ್. ಟಿಒ-92 ಕವಚದ 78ಎಲ್05ರಲ್ಲಿ ಒಂದನೆಯದು ಔಟ್‌ಪುಟ್, ಮೂರನೆಯದು ಇನ್‌ಪುಟ್. ಎರಡೂ 5 ವೋಲ್ಟಿನ ರೆಗ್ಯುಲೇಟರೇ ಎಂದು ಒಂದರ ಸಿಂಬಲ್ಲಿಗೆ ಇನ್ನೊಂದರ ಫುಟ್‌ಪ್ರಿಂಟ್ ಕೊಟ್ಟರೆ ಸಾಫ್ಟ್‌ವೇರ್ ಏನೂ ಹೇಳುವುದಿಲ್ಲ, ಬೋರ್ಡು ಮಾತ್ರ ಕೆಲಸ ಮಾಡುವುದಿಲ್ಲ.

ಇದಕ್ಕೆ ಕೀಕ್ಯಾಡ್‌ನಲ್ಲಿ ಒಳ್ಳೆಯ ಉಪಾಯವಿದೆ. ಹೊಸ ಸಿಂಬಲ್ ಮಾಡುವಾಗ, ಇರುವ ಸಿಂಬಲ್ಲಿನಿಂದ ಅದನ್ನು ‘ಡಿರೈವ್’ ಮಾಡಲು ಬರುತ್ತದೆ. ಚಿತ್ರ ಮತ್ತು ಪಿನ್‌ಗಳು ತಾಯಿ ಸಿಂಬಲ್ಲಿನಿಂದ ಬರುತ್ತವೆ. ಹೆಸರು, ಫುಟ್‌ಪ್ರಿಂಟ್ ಮತ್ತು ಡೇಟಾಶೀಟ್ ಅದರದೇ ಆಗಿರುತ್ತವೆ. ಪಿಸಿ817ಬಿ ಮತ್ತು ಪಿಸಿ817ಸಿ ಎಂದು ಬೇರೆ ಬೇರೆ ಮಾಡಿಕೊಂಡು, ತಯಾರಕರ ಪಾರ್ಟ್ ನಂಬರಿಗೆ ಒಂದು ಹೆಚ್ಚುವರಿ ಫೀಲ್ಡನ್ನು ಸೇರಿಸಿ. ಪಿಡಿಎಫ್‌ನ ಕಡತದ ಹೆಸರೂ ಆ ನಂಬರಿನಿಂದಲೇ ಶುರುವಾಗಲಿ. ಪರ್ಯಾಯವಾಗಿ ಎವರ್‌ಲೈಟ್‌ನ ಇಎಲ್817 ಕೊಳ್ಳುವ ರೂಢಿ ಇದ್ದರೆ ಅದಕ್ಕೂ ಪ್ರತ್ಯೇಕ ಸಿಂಬಲ್, ಪ್ರತ್ಯೇಕ ಪಿಡಿಎಫ್ ಇರಬೇಕು.

ನಾಲೆಬಯಲು (ಮಂಡ್ಯ):

ಮೇಷ್ಟ್ರೇ, ಹೂಟಗಳ್ಳಿಯವರೇ, ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಲೈಬ್ರರಿಯಲ್ಲಿ ನಿಜಕ್ಕೂ ಬರೀ ‘ಪಿಸಿ817’ ಎಂದಷ್ಟೇ ಇದೆ. ಖರೀದಿ ಪಟ್ಟಿಯಲ್ಲೂ ಶ್ರೇಣಿಯ ಅಕ್ಷರವಿಲ್ಲ. ಇಂದೇ ಆ ಕೆಲಸ ಶುರು ಮಾಡುತ್ತೇವೆ. ಇನ್ನೊಂದು ಸಂದೇಹ: ಕೀಕ್ಯಾಡ್ 9ರಲ್ಲಿ ಪಿಡಿಎಫ್ಫನ್ನು ಸಿಂಬಲ್ಲಿನೊಳಗೇ ಎಂಬೆಡ್ ಮಾಡುವ ಸೌಲಭ್ಯ ಬಂದಿದೆಯಲ್ಲ, ಫೋಲ್ಡರಿಗಿಂತ ಅದು ಉತ್ತಮವೇ?

ಹೂಟಗಳ್ಳಿ_ಲೇಔಟ್ (ಮೈಸೂರು):

ಸೌಲಭ್ಯವೇನೋ ಒಳ್ಳೆಯದೇ. ಡೇಟಾಶೀಟ್ ಫೀಲ್ಡಿನ ಪಕ್ಕದ ಫೋಲ್ಡರ್ ಚಿಹ್ನೆಯನ್ನು ಒತ್ತಿ ಕಡತ ಆರಿಸುವಾಗ ‘ಎಂಬೆಡ್ ಫೈಲ್’ಗೆ ಗುರುತು ಹಾಕಿದರೆ ಸಾಕು, ಪಿಡಿಎಫ್ ಒಳಗೆ ಸೇರಿಕೊಳ್ಳುತ್ತದೆ, ಕೊಂಡಿ ಕಡಿಯುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಕೀಕ್ಯಾಡ್ ಕಡತಗಳು ಪಠ್ಯರೂಪದವು. ಪಿಡಿಎಫ್ಫನ್ನು ಕುಗ್ಗಿಸಿ, ಅಕ್ಷರಗಳನ್ನಾಗಿ ಪರಿವರ್ತಿಸಿ ಅದರೊಳಗೆ ತುಂಬಲಾಗುತ್ತದೆ. ದೊಡ್ಡ ಮೈಕ್ರೊಕಂಟ್ರೋಲರ್‌ಗಳ ನೂರಾರು ಪುಟದ ಡೇಟಾಶೀಟುಗಳನ್ನು ಹೀಗೆ ಸೇರಿಸಿದರೆ ಕಡತ ಊದಿಕೊಳ್ಳುತ್ತದೆ, ಗಿಟ್ (ಕಡತಗಳ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಬಳಸುವವರಿಗೆ ಬದಲಾವಣೆಗಳನ್ನು ಹೋಲಿಸುವುದೂ ಕಷ್ಟವಾಗುತ್ತದೆ. ಎಂಟನೆಯ ಆವೃತ್ತಿಯಲ್ಲೇ ಉಳಿದಿರುವ ಜೊತೆಗಾರರು ಆ ಕಡತವನ್ನು ತೆರೆಯಲಾರರು ಎಂಬುದನ್ನೂ ಗಮನಿಸಿ. ಆದ್ದರಿಂದ ನಾನು ದಿನದ ಕೆಲಸಕ್ಕೆ ಫೋಲ್ಡರನ್ನೇ ಬಳಸುತ್ತೇನೆ. ಬೋರ್ಡು ಅಂತಿಮವಾಗಿ ತಯಾರಿಕೆಗೆ ಹೋದ ಮೇಲೆ ಸಂಗ್ರಹಕ್ಕೆ ಇಡುವ ಪ್ರತಿಯಲ್ಲಿ ಮಾತ್ರ ಎಂಬೆಡ್ ಮಾಡುತ್ತೇನೆ.

ಡಿಪ್ಲೊಮಾ_ಮೇಷ್ಟ್ರು (ಕುವೆಂಪುನಗರ, ಮೈಸೂರು):

ಅದಕ್ಕೆ ಎರಡು ವಿಷಯ ಸೇರಿಸುತ್ತೇನೆ. ಡೇಟಾಶೀಟಿಗೂ ಪರಿಷ್ಕರಣೆಗಳಿರುತ್ತವೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನವರು ಪ್ರತಿ ದಾಖಲೆಗೂ ಒಂದು ಸಂಖ್ಯೆ ಕೊಟ್ಟು, ಪರಿಷ್ಕರಿಸಿದಾಗಲೆಲ್ಲ ಕೊನೆಯ ಅಕ್ಷರವನ್ನು ಮುಂದಕ್ಕೆ ಸರಿಸುತ್ತಾರೆ. ಎಲ್‌ಎಂ317 ರೆಗ್ಯುಲೇಟರಿನದು ಎಸ್‌ಎಲ್‌ವಿಎಸ್044, ಅದರ ಮುಂದೆ ಪರಿಷ್ಕರಣೆಯ ಅಕ್ಷರ. ಆ ಅಕ್ಷರವನ್ನೂ ಕಡತದ ಹೆಸರಿನಲ್ಲಿ ಉಳಿಸಿಕೊಳ್ಳಿ, ಹೊಸದು ಬಂದಾಗ ಹಳೆಯದನ್ನು ಅಳಿಸಬೇಡಿ. ನಿಮ್ಮ ಬೋರ್ಡನ್ನು ಯಾವ ಅಂಕಿಗಳನ್ನು ನಂಬಿ ವಿನ್ಯಾಸಗೊಳಿಸಿದ್ದು ಎಂಬುದಕ್ಕೆ ಅದೊಂದೇ ಸಾಕ್ಷಿ.

ಎರಡನೆಯದು, ಡೇಟಾಶೀಟುಗಳ ಹಕ್ಕುಸ್ವಾಮ್ಯ ತಯಾರಕರದು. ಘಟಕದೊಳಗೆ ಪ್ರತಿ ಇಟ್ಟುಕೊಂಡು ಓದುವುದು ಬೇರೆ, ಪ್ರಾಜೆಕ್ಟನ್ನು ಸಾರ್ವಜನಿಕವಾಗಿ ಹಂಚುವಾಗ ಆ ಪಿಡಿಎಫ್‌ಗಳನ್ನೂ ಹಂಚುವುದು ಬೇರೆ. ಹಾಗೆ ಹಂಚುವ ಪ್ರತಿಯಿಂದ ಫೋಲ್ಡರನ್ನು ತೆಗೆದು, ಎಂಬೆಡ್ ಆಗಿರುವುದನ್ನೂ ಅಳಿಸಿ, ಡೇಟಾಶೀಟ್ ಫೀಲ್ಡಿನಲ್ಲಿ ತಯಾರಕರ ಜಾಲತಾಣದ ವಿಳಾಸವನ್ನು ಬರೆಯಿರಿ. ಪಾರ್ಟ್ ನಂಬರಿನ ಫೀಲ್ಡ್ ಇದ್ದರೆ ಆ ವಿಳಾಸ ಮುಂದೆ ಸತ್ತರೂ ಬೇರೆಯವರು ಸರಿಯಾದ ದಾಖಲೆಯನ್ನು ಹುಡುಕಿಕೊಳ್ಳಬಲ್ಲರು.