ಪೆರಾಕ್ಸೈಡ್ ಹಾಕಿದರೂ ಶ್ವಾಸನಾಳದ ಕೋಶಗಳಿಗೆ ಏನೂ ಆಗ್ತಿಲ್ಲ, ಯಾಕೆ?

ತೊಗರಿಧೂಳು (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಪ್ರಾಜೆಕ್ಟ್ ನಡೀತಿದೆ. ನಮ್ಮೂರ ದಾಲ್ ಮಿಲ್‌ಗಳ ಧೂಳು ಶ್ವಾಸನಾಳದ ಒಳಪದರದ ಕೋಶಗಳಿಗೆ ಏನು ಮಾಡುತ್ತದೆ ಅಂತ ನೋಡಬೇಕು. ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಪಾಸಿಟಿವ್ ಕಂಟ್ರೋಲ್ (ಪರಿಣಾಮ ಕಾಣಲೇಬೇಕಾದ ಹೋಲಿಕೆಯ ಪರೀಕ್ಷೆ) ಸರಿಮಾಡಿಕೋ ಅಂದರು ಗೈಡ್. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಬೀಯಾಸ್-2ಬಿ ಕೋಶಗಳು (ಲ್ಯಾಬ್ ನಲ್ಲಿ ಬೆಳೆಸುವ ಮನುಷ್ಯರ ಶ್ವಾಸನಾಳದ ಕೋಶಗಳು), 96 ವೆಲ್ (ಗುಳಿ) ಪ್ಲೇಟ್, ಹೈ ಗ್ಲೂಕೋಸ್ ಡಿಎಂಇಎಂ (ಕೋಶ ಬೆಳೆಸುವ ಪೋಷಕ ದ್ರವ, ಅಂದರೆ ಮೀಡಿಯಾ), 10% ಸೀರಮ್. ಡಿಸಿಎಫ್ ಡೈ (ಕೋಶದೊಳಗೆ ಆಕ್ಸಿಡೀಕರಣ ಹೆಚ್ಚಿದರೆ ಹಸಿರಾಗಿ ಬೆಳಗುವ ಬಣ್ಣ) ಕೊಟ್ಟು, ಅದೇ ಮೀಡಿಯಾದಲ್ಲಿ 200 ಮೈಕ್ರೋಮೋಲಾರ್ ಪೆರಾಕ್ಸೈಡ್ ಹಾಕಿದೆ. ಏನೂ ಹಾಕದ ವೆಲ್‌ಗೂ ಇದಕ್ಕೂ ಫರಕೇ ಇಲ್ಲ. ಮರುದಿನ ಎಂಟಿಟಿಯಲ್ಲೂ (ಕೋಶ ಬದುಕಿವೆಯಾ ಅಂತ ನೋಡುವ ಪರೀಕ್ಷೆ) ಕೋಶಗಳು ಆರಾಮಾಗಿವೆ. ಪೆರಾಕ್ಸೈಡ್ ಬಾಟಲಿ ಹೋದ ಬೇಸಿಗೆಯದು. ಕರೆಂಟ್ ಹೋದಾಗೆಲ್ಲ ಫ್ರಿಜ್ ಬಂದ್ ಆಗುತ್ತಿತ್ತು.

ಬಿದ್ರಿಕುಸುರಿ (ಬೀದರ್):
ಡೋಸ್ ಜಾಸ್ತಿ ಮಾಡಿ ನೋಡಿ. 5 ಮಿಲಿಮೋಲಾರ್ ಹಾಕಿದರೆ ಕಾಣಲೇಬೇಕು.

ಭೀಮಾತೀರ (ಯಾದಗಿರಿ):
ಬೇಡ ತಂಗಿ, ಡೋಸ್ ಏರಿಸಬೇಡ. ಅಷ್ಟು ಹಾಕಿದರೆ ಕೋಶ ಸುಮ್ನೆ ಸಾಯುತ್ತವೆ, ನಿನಗೆ ಬೇಕಾದದ್ದು ಕಾಣೋದಿಲ್ಲ.

ಮೊದಲು ಮೀಡಿಯಾ ಲೇಬಲ್ ಓದು. ಸೋಡಿಯಂ ಪೈರುವೇಟ್ ಇದೆಯಾ? ಬಹಳಷ್ಟು ಡಿಎಂಇಎಂನಲ್ಲಿ ಲೀಟರಿಗೆ 110 ಮಿಲಿಗ್ರಾಂ ಇರುತ್ತದೆ, ಅಂದರೆ 1 ಮಿಲಿಮೋಲಾರ್. ಒಂದು ಪೈರುವೇಟ್ ಅಣು ಒಂದು ಪೆರಾಕ್ಸೈಡ್ ಅಣುವನ್ನು ಮುಗಿಸುತ್ತದೆ, ಅದಕ್ಕೆ ಎಂಜೈಮ್ ಕೂಡ ಬೇಡ. ನೀನು ಹಾಕಿದ್ದಕ್ಕಿಂತ ಐದು ಪಟ್ಟು ಪೈರುವೇಟ್ ಅಲ್ಲಿ ಕಾದು ಕೂತಿದೆ. ಕೆಲವೇ ನಿಮಿಷಗಳಲ್ಲಿ ಹೆಚ್ಚಿನದು ಖಾಲಿ. ಸೀರಮ್ ಕೂಡ ಸ್ವಲ್ಪ ತಿನ್ನುತ್ತದೆ. ಸಾಲದ್ದಕ್ಕೆ ಡೈಯನ್ನು ಕೋಶದ ಹೊರಗೇ ಒಡೆಯುತ್ತದೆ.

ಹೀಗೆ ಮಾಡು. ಸೀರಮ್ ಇಲ್ಲದ ಬಫರ್‌ನಲ್ಲಿ ಡೈ ಕೊಟ್ಟು ಕತ್ತಲಲ್ಲಿಡು, ತೊಳಿ, ಆಮೇಲೆ ಪೈರುವೇಟ್ ಇಲ್ಲದ, ಬರೀ ಲವಣ-ಸಕ್ಕರೆಯ ದ್ರಾವಣವಾದ ಎಚ್‌ಬಿಎಸ್‌ಎಸ್‌ನಲ್ಲಿ ಪೆರಾಕ್ಸೈಡ್ ಕೊಡು.

ಬಾಟಲಿಯನ್ನೂ ನಂಬಬೇಡ. 30% ದ್ರಾವಣ ಸುಮಾರು 9.8 ಮೋಲಾರ್. ಸಾವಿರ ಪಟ್ಟು ತೆಳು ಮಾಡಿ 240 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ (ಅಬ್ಸಾರ್ಬೆನ್ಸ್) ಓದು, 0.43ರ ಹತ್ತಿರ ಬರಬೇಕು. ಕ್ವಾರ್ಟ್ಜ್ ಕ್ಯೂವೆಟ್ಟೇ ಬೇಕು. ಸಾದಾ ಪ್ಲಾಸ್ಟಿಕ್ ಆ ಬೆಳಕನ್ನು ತಾನೇ ನುಂಗುತ್ತದೆ.

ತೊಗರಿಧೂಳು:
ಅಣ್ಣಾ, ಲೇಬಲ್‌ನಲ್ಲಿ ಪೈರುವೇಟ್ 110 ಅಂತಲೇ ಇದೆ! ರೀಡಿಂಗ್ 0.31 ಬಂತು, ಅಂದರೆ ಬಾಟಲಿಯಲ್ಲಿ ಉಳಿದಿರೋದು 7 ಮೋಲಾರ್ ಚಿಲ್ಲರೆ. ಅದೇ ಲೆಕ್ಕ ಹಿಡಿದು ಎಚ್‌ಬಿಎಸ್‌ಎಸ್‌ನಲ್ಲಿ ಕೊಟ್ಟೆ. ಈಗ ಹಸಿರು ಚೆನ್ನಾಗಿ ಏರುತ್ತಿದೆ. ಎನ್-ಅಸಿಟೈಲ್ ಸಿಸ್ಟೀನ್ (ಆ್ಯಂಟಿಆಕ್ಸಿಡೆಂಟ್) ಮೊದಲೇ ಕೊಟ್ಟ ವೆಲ್‌ಗಳಲ್ಲಿ ಕಡಿಮೆ ಇದೆ. ಇದರಲ್ಲೇ ಲೋಳೆ ಹೆಚ್ಚುವುದು, ಸಿಲಿಯಾ (ಲೋಳೆ ತಳ್ಳುವ ಸಣ್ಣ ಕೂದಲುಗಳು) ನಿಧಾನವಾಗುವುದು ನೋಡಬಹುದಾ?

ಭೀಮಾತೀರ:
ಬಹಳ ಖುಷಿಯಾಯಿತು. ಸಿಲಿಯಾ ಮಾತ್ರ ಇದರಲ್ಲಿ ಆಗೋದಿಲ್ಲ. ಮೀಡಿಯಾದಲ್ಲಿ ಮುಳುಗಿ ಬೆಳೆದ ಬೀಯಾಸ್‌ಗೆ ಸಿಲಿಯಾ ಇರೋದಿಲ್ಲ. ಪ್ರೈಮರಿ ಕೋಶಗಳನ್ನು (ಮನುಷ್ಯರ ಶ್ವಾಸನಾಳದಿಂದ ನೇರ ತೆಗೆದವು) ಕೆಳಗೆ ಮೀಡಿಯಾ, ಮೇಲೆ ಗಾಳಿ ಇಟ್ಟು ವಾರಗಟ್ಟಲೆ ಬೆಳೆಸಬೇಕು. ಆಗ ಸಿಲಿಯಾ ಬಡಿಯುವುದೂ ಕಾಣುತ್ತದೆ, ಗಾಬ್ಲೆಟ್ ಕೋಶಗಳು ಎಂಯುಸಿ5ಎಸಿ ಅನ್ನೋ ಲೋಳೆ ಪ್ರೋಟೀನ್ ಸುರಿಸುವುದೂ ಕಾಣುತ್ತದೆ.

ಇನ್ನೊಂದು ಮಾತು. ಪೆರಾಕ್ಸೈಡ್ ನಂಥ ಈ ಚುರುಕು ಆಮ್ಲಜನಕ ಅಣುಗಳನ್ನು ಬರೀ ವಿಷ ಅಂತ ರಿಪೋರ್ಟ್‌ನಲ್ಲಿ ಬರೀಬೇಡ. ಶ್ವಾಸನಾಳದ ಕೋಶಗಳು ಡ್ಯುಆಕ್ಸ್ ಎಂಜೈಮ್‌ನಿಂದ ತಾವೇ ಸ್ವಲ್ಪ ಪೆರಾಕ್ಸೈಡ್ ತಯಾರಿಸುತ್ತವೆ. ಲ್ಯಾಕ್ಟೋಪೆರಾಕ್ಸಿಡೇಸ್ ಅದನ್ನು ಬಳಸಿ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಮಾಡುತ್ತದೆ. ಮೇಲಿನ ತೆಳು ದ್ರವದಲ್ಲಿ ಗ್ಲುಟಾಥಯೋನ್ ಅನ್ನೋ ಆ್ಯಂಟಿಆಕ್ಸಿಡೆಂಟ್ ರಕ್ತದ ಪ್ಲಾಸ್ಮಾಕ್ಕಿಂತ ನೂರು ಪಟ್ಟಿನಷ್ಟು ಇರುತ್ತದೆ, ಹೆಚ್ಚಾದದ್ದನ್ನು ಅದು ತಡೆಯುತ್ತದೆ. ಆ ತಡೆಗೂ ಮೀರಿದಾಗಲೇ ಕೋಶಗಳ ನಡುವಿನ ಬಿಗಿ ಜೋಡಣೆ ಸಡಿಲಾಗುವುದು, ಐಎಲ್-8 ಅನ್ನೋ ಉರಿಯೂತದ ಸಂಕೇತ ಹೊರಬಿದ್ದು ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ನುಗ್ಗುವುದು. ಅವು ಬಂದು ಮತ್ತಷ್ಟು ಪೆರಾಕ್ಸೈಡ್ ಸುರಿಯುತ್ತವೆ.

ಬಿದ್ರಿಕುಸುರಿ:
ನಮ್ಮ ಮಾವ ಮಿಲ್‌ನಲ್ಲೇ ಕೆಲಸ ಮಾಡುತ್ತಾರೆ ರೀ. ಆ್ಯಂಟಿಆಕ್ಸಿಡೆಂಟ್ ಗುಳಿಗೆ ಕೊಟ್ಟರೆ ನಡೆಯುತ್ತದಾ?

ಭೀಮಾತೀರ:
ಪ್ಲೇಟ್‌ನಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೇ ಹಚ್ಚಬಾರದು. 1994ರಲ್ಲಿ ಪ್ರಕಟವಾದ ಫಿನ್ಲೆಂಡ್‌ನ ದೊಡ್ಡ ಪ್ರಯೋಗದಲ್ಲಿ, ಬೀಟಾ ಕೆರೋಟಿನ್ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18% ಜಾಸ್ತಿ ಕಂಡಿತು. ಮಾವನವರಿಗೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಕೊಡಿಸಿ. ಧೂಳು ಎಳೆಯುವ ಫ್ಯಾನ್ ಹಾಕಿಸಿ ಅಂತ ಮಾಲೀಕರಿಗೆ ಹೇಳಿ. ಕೆಮ್ಮು, ದಮ್ಮು ಇದ್ದರೆ ಡಾಕ್ಟರ್ ಹತ್ತಿರ ಸ್ಪೈರೋಮೆಟ್ರಿ (ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸಿ.

ತಂಗಿ, ಧೂಳು ಹಾಕುವಾಗ ಕೋಶ ಇಲ್ಲದ ಕೆಲವು ವೆಲ್‌ಗಳಲ್ಲಿ ಧೂಳು, ಡೈ ಎರಡನ್ನೂ ಹಾಕಿಡು. ಧೂಳಿನ ಕಬ್ಬಿಣ ಡೈಯನ್ನು ತಾನೇ ಬೆಳಗಿಸಬಹುದು. ಕಾಳಿನ ಧೂಳಿನಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನೋ ವಿಷ ಕೂಡ ಇರುತ್ತದೆ, ಐಎಲ್-8 ಅದರಿಂದಲೂ ಏರುತ್ತದೆ. ಎಂಡೋಟಾಕ್ಸಿನ್ ಅನ್ನು ಹಿಡಿದಿಟ್ಟು ತಡೆಯುವ ಪಾಲಿಮಿಕ್ಸಿನ್ ಬಿ ಬೆರೆಸಿದ ಧೂಳಿನ ಒಂದು ಸಾಲು ಬೇರೆ ಇಡು.