ಹುಟ್ಟು ಹಿಡಿದ ಕೈ, ಲೆಕ್ಕ ಕೇಳುವ ಬಾಯಿ

ಕಳೆದ ವಾರದ ಪತ್ರ: ‘ಹೊರ ಊರಿನ ಕಾಲೇಜಿನಲ್ಲಿ ರೋಯಿಂಗ್ ಕಲಿತು ಬಂದ ಮಗಳು ಈಗ ಕ್ರೀಡಾ ಸಂಘದ ಸಮಿತಿಗೆ ಸ್ಪರ್ಧಿಸುತ್ತೇನೆ ಎನ್ನುತ್ತಾಳೆ. ಗಂಡಸರೇ ತುಂಬಿರುವ ಸಭೆಯಲ್ಲಿ ಇವಳಿಗೇನು ಕೆಲಸ ಎಂದು ಮನೆಯವರ ಗೊಣಗಾಟ. ಬಿಡಲೇ, ತಡೆಯಲೇ?’
– ಒಬ್ಬ ತಾಯಿ, ಉಡುಪಿ

ಅಕ್ಕಾ, ಅಮೆರಿಕದ ಅನಿತಾ ಡಿಫ್ರಾಂಟ್ಜ್ ಅವರ ಕತೆಯನ್ನು ಗೊಣಗುವವರಿಗೆ ಹೇಳಿ. ಅವರೂ ರೋಯಿಂಗ್ ಶುರು ಮಾಡಿದ್ದು ಕಾಲೇಜಿನಲ್ಲಿಯೇ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ರೋಯಿಂಗ್ ಸಿಕ್ಕಿದ್ದೇ 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಆ ಸಲವೇ ಎಂಟು ಹುಟ್ಟುಗಳ ದೋಣಿಯಲ್ಲಿ ಅವರ ತಂಡಕ್ಕೆ ಕಂಚು. ಮರುವರ್ಷ ಕಾನೂನು ಪದವಿ. 1980ರಲ್ಲಿ ಅಮೆರಿಕ ಮಾಸ್ಕೋ ಕೂಟವನ್ನು ಬಹಿಷ್ಕರಿಸಿದಾಗ, ಹೋಗುವುದೋ ಬಿಡುವುದೋ ಆಟಗಾರರ ಇಷ್ಟ ಎಂದು ತಮ್ಮದೇ ದೇಶದ ಒಲಿಂಪಿಕ್ ಸಮಿತಿಯ ಮೇಲೆ ದಾವೆ ಹೂಡಿದರು. ಸೋತರು. ಹಾಗೆ ಸೋತವರೇ 1986ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆ, 1997ರಲ್ಲಿ ಅದರ ಮೊದಲ ಮಹಿಳಾ ಉಪಾಧ್ಯಕ್ಷೆ.

ನಾಮಪತ್ರಕ್ಕಿಂತ ಮೊದಲು ಮಗಳು ಸಂಘದ ಬೈಲಾ ಓದಲಿ, ಮೂರು ವರ್ಷದ ಲೆಕ್ಕಪತ್ರ ಕೇಳಲಿ. ಕೇಳಿದಾಗ ಯಾರ ಮುಖ ಸಪ್ಪಗಾಗುತ್ತದೆ ಎಂಬುದನ್ನೂ ನೋಡಿಕೊಳ್ಳಲಿ.
– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಮಂಗಳೂರು

ನಮ್ಮಲ್ಲಿ ಕಡಲಿಗೆ ಹೋಗುವವರು ಗಂಡಸರು. ಬುಟ್ಟಿ ಹೊತ್ತು ಮೀನು ಮಾರಿ, ಸಾಲ ಬಡ್ಡಿಯ ಲೆಕ್ಕ ಮುಗಿಸುವವರು ಹೆಂಗಸರು. ಅದರಿಂದ ಮನೆ ಮುಳುಗಿತೆಂದು ಯಾರೂ ಹೇಳಿದ್ದಿಲ್ಲ.
– ಮೀನು ಮಾರುವವಳ ಮಗಳು, ಮಲ್ಪೆ

ಬಿಡಿ ಎಂದೇ ಎಲ್ಲರೂ ಬರೆದಾರು. ನಾನು ಸ್ವಲ್ಪ ತಡೆದು ಹೇಳುತ್ತೇನೆ. ನನ್ನ ಸೊಸೆಯನ್ನು ಒಂದು ಸಂಘದವರು ಮನೆಗೇ ಬಂದು ಕರೆದು ಸಮಿತಿಗೆ ಸೇರಿಸಿಕೊಂಡರು. ಎರಡು ವರ್ಷ ಅವಳ ಪಾಲಿಗೆ ಬಂದದ್ದು ಪ್ರಾರ್ಥನೆ, ಸ್ವಾಗತ ಭಾಷಣ, ಅತಿಥಿಗಳಿಗೆ ಹೂಗುಚ್ಛ. ತಂಡದ ಆಯ್ಕೆ ಯಾರದೋ ಮನೆಯ ಚಾವಡಿಯಲ್ಲಿ ಮುಗಿದಿರುತ್ತಿತ್ತು. ರಾಷ್ಟ್ರಮಟ್ಟದ ಫೆಡರೇಶನ್‌ಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರು ಇರಬೇಕೆಂದು 2025ರ ಕ್ರೀಡಾ ಆಡಳಿತ ಕಾಯ್ದೆ ಹೇಳುತ್ತದೆ. ಒಳ್ಳೆಯದೇ. ಆದರೆ ಕುರ್ಚಿ ಕೊಟ್ಟವರು ಕಡತವನ್ನೂ ಕೊಡುತ್ತಾರೆಯೇ? ಬರೀ ‘ಸದಸ್ಯೆ’ಯಾಗಲು ಮಗಳು ನಿಲ್ಲುವುದು ಬೇಡ, ಕೋಶಾಧಿಕಾರಿ ಸ್ಥಾನಕ್ಕೇ ನಿಲ್ಲಲಿ.

ಚುನಾವಣೆ ಯಾವಾಗ ಎಂದು ನೀವು ಬರೆದಿಲ್ಲ. ಮತದಾರರ ಪಟ್ಟಿಯಲ್ಲಿ ಅವಳ ಹೆಸರಿದೆಯೇ ಎಂದು ಇವತ್ತೇ ನೋಡಿ. ಲೆಕ್ಕ ಕೇಳಿದ ಮರುವರ್ಷ ನನ್ನ ಸೊಸೆಯ ಹೆಸರು ಅದರಲ್ಲಿ ಇರಲಿಲ್ಲ.
– ಒಬ್ಬ ಮಾವ, ಕಾಪು