ಶಂಕರನ ಶಪಥ

ಶಂಕರ ಒಂದು ಕಾಗದದಲ್ಲಿ ಬರೆದುಕೊಂಡೇ ಬಂದಿದ್ದ: 'ಇವತ್ತಿನಿಂದ ಕಾರ್ಬೋಹೈಡ್ರೇಟ್ ಮುಟ್ಟುವುದಿಲ್ಲ.' ಕೆಳಗೆ ಸಹಿ ಬೇರೆ.

ಮಂಜು ಇಸಿದುಕೊಂಡು ನೋಡಿದ. "ಲೋ, ಆಗಲೇ ಮುಟ್ಟಿದ್ದೀಯಲ್ಲೋ! ಕಾಗದ ಅಂದರೆ ಸೆಲ್ಯುಲೋಸ್. ಅದೂ ಕಾರ್ಬೋಹೈಡ್ರೇಟೇ. ನಿನ್ನ ಹತ್ತಿ ಅಂಗಿಯೂ ಅದೇ. ಬಿಚ್ಚು."

"ಸುಮ್ನಿರೋ. ನಾನು ಹೇಳಿದ್ದು ಸಕ್ಕರೆ, ಹಿಟ್ಟು."

"ಎಲ್ಲಾ ಒಂದೇ ಮನೆತನ ಮಾರಾಯ," ಎಂದಳು ಗೀತಾ. ಅವಳು ಕೆಮಿಸ್ಟ್ರಿ ಪಾಠ ಮಾಡುವವಳು. ಶುರು ಮಾಡಿದರೆ ಬೆಲ್ ಹೊಡೆಯುವವರೆಗೂ ನಿಲ್ಲಿಸುವುದಿಲ್ಲ, ಇಲ್ಲಿ ಬೆಲ್ಲೂ ಇಲ್ಲ. "ಗ್ಲೂಕೋಸ್‌ನಲ್ಲಿ 6 ಇಂಗಾಲ, 12 ಹೈಡ್ರೋಜನ್, 6 ಆಮ್ಲಜನಕ. ಲೆಕ್ಕಕ್ಕೆ 6 ಇಂಗಾಲ, 6 ನೀರು. ಕಾರ್ಬನ್ ಅಂದರೆ ಇಂಗಾಲ, ಹೈಡ್ರೇಟ್ ಅಂದರೆ ನೀರು ಸೇರಿದ್ದು; ಹೆಸರು ಬಂದಿದ್ದೇ ಹಾಗೆ. ಸಕ್ಕರೆ ಮೇಲೆ ಗಾಢ ಸಲ್ಫ್ಯೂರಿಕ್ ಆಮ್ಲ ಸುರಿದು ನೋಡಬೇಕು. ನೀರಿನ ಅಂಶ ಎಳೆದುಕೊಳ್ಳುತ್ತೆ. ಬಿಳಿ ಸಕ್ಕರೆ ಹಳದಿಯಾಗಿ, ಕಂದಾಗಿ, ಆಮೇಲೆ ಬುಸ್ ಅಂತ ಹೊಗೆಯಾಡುತ್ತಾ ಕರೀ ಕಂಬದ ಹಾಗೆ ಲೋಟದಿಂದ ಮೇಲೇಳುತ್ತೆ. ಇದ್ದಿಲು!"

"ಹಾಗಾದರೆ ಅಂಗಿ ತಿಂದರೂ ಹೊಟ್ಟೆ ತುಂಬಬೇಕಲ್ವಾ?" ಎಂದೆ ನಾನು.

"ಮಜಾ ಇರೋದೇ ಅಲ್ಲಿ. ಹಿಟ್ಟಿನಲ್ಲಿರೋ ಪಿಷ್ಟದಲ್ಲೂ ಗ್ಲೂಕೋಸ್, ಸೆಲ್ಯುಲೋಸ್‌ನಲ್ಲೂ ಗ್ಲೂಕೋಸ್. ಕೊಂಡಿ ಬೇರೆ, ಅಷ್ಟೇ. ನಾವೆಲ್ಲ ನೆಟ್ಟಗೆ ನಿಂತು ಕೈ ಹಿಡಿದರೆ ಪಿಷ್ಟ. ಒಬ್ಬರು ಬಿಟ್ಟು ಒಬ್ಬರು ತಲೆಕೆಳಗಾಗಿ ನಿಂತರೆ ಸೆಲ್ಯುಲೋಸ್. ಮೊದಲನೆಯದನ್ನು ಎಂಜಲಿನಲ್ಲಿರುವ ಅಮೈಲೇಸ್ ಅನ್ನೋ ಕಿಣ್ವ ಬಾಯಲ್ಲೇ ಕತ್ತರಿಸೋಕೆ ಶುರು ಮಾಡುತ್ತೆ. ಎರಡನೆಯದಕ್ಕೆ ನಮ್ಮ ಹತ್ತಿರ ಕತ್ತರಿಯೇ ಇಲ್ಲ. ಹಸುವಿನ ಹತ್ತಿರವೂ ಇಲ್ಲ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳ ಹತ್ತಿರ ಇದೆ."

"ಅಂದರೆ ಹಸು ಅಡಿಗೆಯವರನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದೆ," ಎಂದ ಮಂಜು.

ಶಂಕರ ಜಗ್ಗಲಿಲ್ಲ. "ಅಂಗಿ, ಕಾಗದ ಹಾಳಾಗಿ ಹೋಗಲಿ. ನನ್ನ ಮೈಯೊಳಗೆ ಮಾತ್ರ ಒಂದು ಚೂರೂ ಇರಬಾರದು."

"ನಿನ್ನ ಮೈ ಕೇಳಬೇಕಲ್ಲ!" ಎಂದಳು ಗೀತಾ. "ರಕ್ತದಲ್ಲಿ ಓಡಾಡೋ ಗ್ಲೂಕೋಸ್ ಒಟ್ಟು 5 ಗ್ರಾಂ ಆಸುಪಾಸು, ಒಂದು ಟೀ ಚಮಚ. ನೀನು ತಿನ್ನದಿದ್ದರೆ ಲಿವರ್ ತನ್ನಲ್ಲಿ ಕೂಡಿಟ್ಟಿರುವ ಗ್ಲೈಕೋಜನ್ ಅನ್ನೋ ಗ್ಲೂಕೋಸ್ ಸರಪಳಿ ಒಡೆದು ಕೊಡುತ್ತೆ. ಅದೂ ಮುಗಿದರೆ ಪ್ರೋಟೀನ್‌ನಿಂದಲಾದರೂ ಮಾಡಿಕೊಳ್ಳುತ್ತೆ. ನಿನ್ನ ಡಿಎನ್ಎ ಬೆನ್ನೆಲುಬಿನಲ್ಲೂ ಡಿಆಕ್ಸಿರೈಬೋಸ್ ಅನ್ನೋ ಸಕ್ಕರೆ ಇದೆ. ಅದಿರಲಿ, ನಿನ್ನದು ಯಾವ ಬ್ಲಡ್ ಗ್ರೂಪ್?"

"ಬಿ."

"ನಿನ್ನ ಕೆಂಪು ರಕ್ತಕಣಗಳ ಮೇಲೆ ಸಕ್ಕರೆಯ ಸಣ್ಣ ಸರಪಳಿಗಳಿವೆ. ತುದಿಯಲ್ಲಿ ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಒಂದು ಜಾಸ್ತಿ ಕೂತಿದೆ, ಅದಕ್ಕೇ ಬಿ. ಅದನ್ನು ಕಿತ್ತು ಹಾಕಿದರೆ ಓ."

"ಓ..." ಎಂದ ಶಂಕರ, ಬಾಯಿ ಬಿಟ್ಟುಕೊಂಡು.

"ನೋಡ್ರೋ," ಎಂದ ಮಂಜು, "ಆಗಲೇ ಒಂದು ಬಿಟ್ಟ."